ಹಳೆಯ ಲೇಖನ, ಇಂದಿನ ಗಿರಾಕಿ: ವ್ಯಾಪಾರದ ಬರಹಗಳನ್ನು ಬಾಳಿಸುವ ಸೂತ್ರಗಳು

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶೇ 12 ಮತ್ತು ಶೇ 28ರ ಹಂತದಲ್ಲಿದ್ದ ಬಹುತೇಕ ಸರಕು, ಸೇವೆಗಳು ಶೇ 5 ಅಥವಾ ಶೇ 18ಕ್ಕೆ ಸರಿದವು. ಅಂಗಡಿಯವರು, ಹೋಟೆಲಿನವರು ಬಿಲ್ಲಿಂಗ್ ಸಾಫ್ಟ್‌ವೇರ್ ತಿದ್ದಿಕೊಂಡರು. ತಿದ್ದದಿದ್ದರೆ ಅಂದಿನ ಮೊದಲ ಬಿಲ್ಲೇ ತಪ್ಪುತ್ತಿತ್ತು. ಆದರೆ ಅದೇ ಹೋಟೆಲು ನಾಲ್ಕು ವರ್ಷದ ಹಿಂದೆ ಗಿರಾಕಿಗಳ ಅನುಕೂಲಕ್ಕೆಂದು ಜಾಲತಾಣದಲ್ಲಿ ಬರೆದಿಟ್ಟ ‘ಕೊಠಡಿ ಬಾಡಿಗೆಗೆ ತೆರಿಗೆ ಎಷ್ಟು?’ ಎಂಬ ಲೇಖನ ಇರುತ್ತದಲ್ಲ, ಅದನ್ನು ತಿದ್ದು ಎಂದು ಯಾವ ಯಂತ್ರವೂ ಒತ್ತಾಯಿಸುವುದಿಲ್ಲ. ಅದು ಹಳೆಯ ದರವನ್ನೇ ಹೇಳುತ್ತ ಕೂತಿರುತ್ತದೆ. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಹುಡುಕಿದವರಿಗೆ ಅದೇ ಸಿಗುತ್ತದೆ, ಅವರು ಅದನ್ನೇ ನಂಬುತ್ತಾರೆ. ಮರುದಿನ ಕೌಂಟರಿನಲ್ಲಿ ನಿಂತು, ‘ನೀವೇ ಬರೆದಿದ್ದೀರಲ್ಲ’ ಎನ್ನುತ್ತಾರೆ.

ಅವರು ಹೇಳುವುದು ಸರಿ. ನೀವು ಎಂದು ಬರೆದಿರಿ ಎಂಬುದು ಗಿರಾಕಿಗೆ ಬೇಕಿಲ್ಲ. ತಾನು ಓದಿದ ದಿನ ಅದು ನಿಜವಾಗಿತ್ತೇ ಎಂಬುದಷ್ಟೇ ಬೇಕು. ಹೊಸ ಹೊಸ ಲೇಖನ ಬರೆಸಲು ಹಣ ಕೊಡುವ ವ್ಯಾಪಾರಿಗಳು ಇರುವ ಲೇಖನಗಳನ್ನು ನಿಜವಾಗಿ ಉಳಿಸಲು ತಿಂಗಳಿಗೆ ಒಂದು ಮಧ್ಯಾಹ್ನವನ್ನೂ ಕೊಡುವುದಿಲ್ಲ. ಕೊಟ್ಟರೆ ಏನು ಮಾಡಬೇಕು ಎನ್ನುವುದಕ್ಕೆ ಈ ಸೂತ್ರಗಳು.

1. ಏನೇನಿದೆ ಎಂದು ಮೊದಲು ಪಟ್ಟಿ ಮಾಡಿ

ಐದು ವರ್ಷ ನಡೆದ ಯಾವ ಜಾಲತಾಣದಲ್ಲೂ ಮಾಲೀಕರು ಮರೆತ ಪುಟಗಳು ಇದ್ದೇ ಇರುತ್ತವೆ. ಒಂದು ಎಕ್ಸೆಲ್ ಹಾಳೆ ತೆರೆಯಿರಿ. ಪ್ರತಿ ಬರಹಕ್ಕೂ ಒಂದು ಸಾಲು: ಶೀರ್ಷಿಕೆ, ಲಿಂಕ್, ಪ್ರಕಟವಾದ ದಿನ, ಕೊನೆಯ ಬಾರಿ ಪರಿಶೀಲಿಸಿದ ದಿನ, ಬರೆದವರು ಯಾರು. ಇನ್ನೊಂದು ಅಂಕಣ ಎಲ್ಲಕ್ಕಿಂತ ಮುಖ್ಯ: ‘ಇದರಲ್ಲಿ ಹಳತಾಗುವಂಥದ್ದು ಏನಿದೆ?’ ದರ, ಕಾನೂನು, ದಾರಿ, ಫೋನ್ ನಂಬರ್, ಸರ್ಕಾರಿ ಯೋಜನೆಯ ಹೆಸರು, ಸಮಯ. ಈ ಅಂಕಣ ಖಾಲಿ ಉಳಿದ ಲೇಖನಗಳು ನಿಮಗೆ ಹೆಚ್ಚು ಕೆಲಸ ಕೊಡುವುದಿಲ್ಲ.

ಯಾವುದನ್ನು ಎಷ್ಟು ಜನ ನೋಡುತ್ತಾರೆ ಎಂದು ತಿಳಿಯಲು ಗೂಗಲ್‌ನ ಸರ್ಚ್ ಕನ್ಸೋಲ್ ಸಾಕು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಅದರಲ್ಲಿ ಸಿಗುವುದು ಹಿಂದಿನ 16 ತಿಂಗಳ ಲೆಕ್ಕ ಮಾತ್ರ. ಹಾಗಾಗಿ ವರ್ಷಕ್ಕೊಮ್ಮೆ ಲೆಕ್ಕವನ್ನು ಇಳಿಸಿಕೊಂಡು ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ. ಗೂಗಲ್‌ನ ಹಳೆಯ ಅನಲಿಟಿಕ್ಸ್ 2023ರ ಜುಲೈ 1ರಂದು ನಿಂತಾಗ, ಹಾಗೆ ಇಳಿಸಿಕೊಳ್ಳದವರ ವರ್ಷಗಟ್ಟಲೆ ಲೆಕ್ಕ ಆಮೇಲೆ ಕೈಗೆ ಸಿಗಲಿಲ್ಲ.

2. ಎಲ್ಲವನ್ನೂ ಒಮ್ಮೆಲೇ ಮುಟ್ಟಬೇಡಿ

ತಪ್ಪಿದರೆ ಗಿರಾಕಿಗೆ ನಷ್ಟವಾಗುವ ಪುಟಗಳು ಮೊದಲು. ಹೆಚ್ಚು ಜನ ಓದುವ ಪುಟಗಳು ಆಮೇಲೆ. ಉಳಿದವು ಬಿಡುವಿದ್ದಾಗ. ಈ ಕ್ರಮ ತಿರುವುಮುರುವಾಗಬಾರದು ಎಂದು ನನ್ನ ಖಚಿತ ಅಭಿಪ್ರಾಯ. ತಿಂಗಳಿಗೆ ಹತ್ತೇ ಜನ ಓದುವ ‘ವಿಮೆ ಕ್ಲೇಮ್ ಮಾಡುವುದು ಹೇಗೆ’ ಎಂಬ ಪುಟದಲ್ಲಿ ಹಳೆಯ ನಿಯಮವಿದ್ದರೆ, ಆ ಹತ್ತು ಜನರೂ ಕಷ್ಟದಲ್ಲಿದ್ದೇ ಅಲ್ಲಿಗೆ ಬಂದವರು.

3. ಯಾವುದು ಎಂದು ಹಳತಾಗುತ್ತದೆ ಎಂದು ಕ್ಯಾಲೆಂಡರಿನಲ್ಲಿ ಬರೆದಿಡಿ

ಬದಲಾವಣೆಗಳು ಬಹಳಷ್ಟು ಸಾರಿ ಹೇಳಿಯೇ ಬರುತ್ತವೆ. ಫೆಬ್ರುವರಿ 1ಕ್ಕೆ ಕೇಂದ್ರ ಬಜೆಟ್, ಏಪ್ರಿಲ್ 1ಕ್ಕೆ ಹೊಸ ಹಣಕಾಸು ವರ್ಷ, ನಡುನಡುವೆ ಜಿಎಸ್‌ಟಿ ಮಂಡಳಿಯ ಸಭೆ. ನಿಮ್ಮ ವ್ಯವಹಾರಕ್ಕೆ ತಕ್ಕ ದಿನಗಳನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಗುರುತು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಒಬ್ಬ ಆಡಿಟರ್ ಕಚೇರಿಯ ಬರಹಗಳನ್ನೇ ನೋಡಿ. ಹೊಸ ತೆರಿಗೆ ಪದ್ಧತಿಯಲ್ಲಿ ರಿಯಾಯಿತಿ ಸೇರಿ 7 ಲಕ್ಷ ರೂಪಾಯಿಯವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದು 2023ರಲ್ಲಿ ಬರೆದದ್ದು ಆಗ ನಿಜ. 2025–26ರಿಂದ ಆ ಮಿತಿ 12 ಲಕ್ಷವಾಯಿತು. ಸಂಬಳದಾರರಿಗೆ 75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿ 12.75 ಲಕ್ಷ. ಸೂಕ್ಷ್ಮ ಉದ್ದಿಮೆ ಎನಿಸಿಕೊಳ್ಳಲು ವಹಿವಾಟು 5 ಕೋಟಿ ಮೀರಬಾರದು ಎಂಬುದೂ 2025ರ ಏಪ್ರಿಲ್ 1ರಿಂದ 10 ಕೋಟಿಗೆ ಏರಿತು. ಇದನ್ನೆಲ್ಲ ಮೀರಿಸುವ ಬದಲಾವಣೆ ಇನ್ನೊಂದು: 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ, ಜಾರಿಯ ದಿನ 2026ರ ಏಪ್ರಿಲ್ 1. ಅದರಲ್ಲಿ ‘ಅಸೆಸ್‌ಮೆಂಟ್ ವರ್ಷ’ ಎಂಬ ಮಾತೇ ಇಲ್ಲ, ‘ತೆರಿಗೆ ವರ್ಷ’ ಮಾತ್ರ. ಸೆಕ್ಷನ್ ಸಂಖ್ಯೆಗಳೂ ಬೇರೆ. ಮೂವತ್ತು ವರ್ಷದಿಂದ ಬಾಯಿಪಾಠವಾಗಿದ್ದ ಸಂಖ್ಯೆಗಳು ಬರಹದಲ್ಲಿ ಹಾಗೇ ಉಳಿದರೆ ಓದುಗ ಹೊಸ ಕಾಯ್ದೆಯಲ್ಲಿ ಅವನ್ನು ಹುಡುಕಿ ಸೋಲುತ್ತಾನೆ.

ಕಾನೂನಿನ ಹೆಸರುಗಳೂ ಹೀಗೆಯೇ. ಗ್ರಾಹಕರ ಹಕ್ಕಿನ ಬಗ್ಗೆ ಬರೆದು 1986ರ ಕಾಯ್ದೆಯನ್ನು ಹೆಸರಿಸಿದ್ದರೆ, ಅದರ ಜಾಗದಲ್ಲಿ 2019ರ ಕಾಯ್ದೆ ಬಂದು 2020ರ ಜುಲೈಯಿಂದ ಜಾರಿಯಲ್ಲಿದೆ. ಮೋಸ ಹೋದರೆ ‘420 ಕೇಸು’ ಹಾಕಬಹುದು ಎಂದು ಬರೆದಿದ್ದರೆ, 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಇದೆ, ವಂಚನೆಗೆ ಅದರಲ್ಲಿ 318ನೇ ಸೆಕ್ಷನ್.

ಬರಹ ಹಳತಾದರೆ ಓದುಗನಿಗೆ ಸ್ವಲ್ಪ ಕಡಿಮೆ ಮಾಹಿತಿ ಸಿಗುತ್ತದೆ, ಅಷ್ಟೇ ತಾನೆ ಎಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಚಿನ್ನದ ವ್ಯಾಪಾರದ ಉದಾಹರಣೆ ಕೊಡುತ್ತೇನೆ. ‘ಹಾಲ್‌ಮಾರ್ಕ್ ಇರುವ ಒಡವೆಯಲ್ಲಿ ನಾಲ್ಕು ಗುರುತು ನೋಡಿ: ಬಿಐಎಸ್ ಚಿಹ್ನೆ, ಶುದ್ಧತೆ, ಪರೀಕ್ಷಾ ಕೇಂದ್ರದ ಗುರುತು, ಅಂಗಡಿಯ ಗುರುತು’ ಎಂದು 2019ರಲ್ಲಿ ಒಬ್ಬ ಆಭರಣ ವ್ಯಾಪಾರಿ ಬರೆದಿದ್ದರೆ ಅದು ಆ ಕಾಲಕ್ಕೆ ಒಳ್ಳೆಯ ಸಲಹೆ. 2021ರ ಜುಲೈಯಿಂದ ಗುರುತುಗಳು ಮೂರೇ: ಬಿಐಎಸ್ ಚಿಹ್ನೆ, ಶುದ್ಧತೆ, ಅಕ್ಷರ ಮತ್ತು ಅಂಕಿ ಸೇರಿದ ಆರು ಸ್ಥಾನದ ಎಚ್‌ಯುಐಡಿ. 2023ರ ಏಪ್ರಿಲ್ 1ರಿಂದ ಈ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಒಡವೆಯನ್ನು ಅಂಗಡಿಯವರು ಮಾರುವಂತಿಲ್ಲ. ಈಗ ಆ ಹಳೆಯ ಲೇಖನ ಓದಿಕೊಂಡು ಬಂದ ತಾಯಿಯೊಬ್ಬರು ಮಗಳ ಮದುವೆಗೆ ಸರ ನೋಡುತ್ತಾರೆ. ನಾಲ್ಕನೆಯ ಗುರುತು ಕಾಣುವುದಿಲ್ಲ. ಅಪ್ಪಟ ಒಡವೆಯ ಮೇಲೆ ಅವರಿಗೆ ಅನುಮಾನ ಹುಟ್ಟುತ್ತದೆ, ಅದೂ ಆ ಅಂಗಡಿಯವರೇ ಬರೆದ ಮಾತಿನಿಂದ. ಬದಲಿಗೆ ಅಲ್ಲಿ ‘ಬಿಐಎಸ್ ಕೇರ್ ಆ್ಯಪ್‌ನಲ್ಲಿ ಈ ಆರು ಸ್ಥಾನದ ಸಂಖ್ಯೆ ಹಾಕಿ ನೋಡಿ’ ಎಂಬ ಒಂದು ಸಾಲು ಇದ್ದಿದ್ದರೆ ಅವರು ಅಲ್ಲೇ ನಿಂತು ಪರೀಕ್ಷಿಸಿ ನಿಶ್ಚಿಂತೆಯಿಂದ ಕೊಳ್ಳುತ್ತಿದ್ದರು.

4. ‘ಹುಡುಕಿ ಬದಲಿಸು’ ಗುಂಡಿ ಒತ್ತಿ ಕೈ ತೊಳೆದುಕೊಳ್ಳಬೇಡಿ

ಶೇ 12 ಹೋಯಿತು, ಶೇ 5 ಬಂತು, ಎಲ್ಲ ಕಡೆ 12 ತೆಗೆದು 5 ಹಾಕೋಣ ಎನ್ನುವುದು ಸುಲಭದ ದಾರಿ. ಬಟ್ಟೆ ಅಂಗಡಿಯವರು ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. 2,000 ರೂಪಾಯಿಯ ಸಿದ್ಧ ಉಡುಪಿಗೆ ಮೊದಲು ಶೇ 12 ಇತ್ತು, ಈಗ ಶೇ 5. ಆದರೆ 3,000 ರೂಪಾಯಿಯ ಉಡುಪಿಗೂ ಮೊದಲು ಶೇ 12 ಇತ್ತು, ಈಗ ಶೇ 18. ಗಡಿರೇಖೆ 1,000 ರೂಪಾಯಿಯಿಂದ 2,500ಕ್ಕೆ ಸರಿದಿದೆ, ಅದರ ಮೇಲಿನದು ತುಟ್ಟಿಯಾಗಿದೆ. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೊಠಡಿಗೆ ಶೇ 12 ಇದ್ದದ್ದು ಶೇ 5 ಆಯಿತು ನಿಜ, ಜೊತೆಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಇಲ್ಲ ಎಂಬ ಷರತ್ತೂ ಬಂತು. ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18 ಪೂರ್ತಿ ಹೋಯಿತು. ಸಿಮೆಂಟು ಶೇ 28ರಿಂದ 18ಕ್ಕೆ ಇಳಿಯಿತು.

ಒಂದು ಅಂಕಿ ಬದಲಾದಾಗ ಅದರ ಸುತ್ತಲಿನ ವಾದವೂ ಬದಲಾಗಿರಬಹುದು. ಆ ಅಂಕಿ ಇರುವ ಪ್ಯಾರಾ ಪೂರ್ತಿ ಓದಿ. ‘ಆದ್ದರಿಂದ’ ಎಂದು ಶುರುವಾಗುವ ಮುಂದಿನ ವಾಕ್ಯವನ್ನು ಇನ್ನೂ ಗಮನವಿಟ್ಟು ಓದಿ. ತಪ್ಪು ಸಾಮಾನ್ಯವಾಗಿ ಅಲ್ಲಿ ಉಳಿದುಕೊಳ್ಳುತ್ತದೆ.

5. ದಿನಾಂಕ ಬದಲಿಸಿ ಹೊಸದೆಂದು ತೋರಿಸಬೇಡಿ

ಒಳಗೆ ಏನೂ ತಿದ್ದದೆ ಮೇಲಿನ ದಿನಾಂಕ ಮಾತ್ರ ಇಂದಿನದು ಹಾಕುವ ಅಭ್ಯಾಸ ಬಹಳ ಕಡೆ ಇದೆ. ಇದು ಓದುಗನಿಗೆ ಮಾಡುವ ಮೋಸ. ಗೂಗಲ್ ತನ್ನ ಮಾರ್ಗಸೂಚಿಯಲ್ಲಿ ಜಾಲತಾಣದವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಇದನ್ನೂ ಸೇರಿಸಿದೆ: ಬರಹ ಗಣನೀಯವಾಗಿ ಬದಲಾಗದಿದ್ದರೂ ತಾಜಾ ಕಾಣಲೆಂದು ದಿನಾಂಕ ಬದಲಿಸುತ್ತಿದ್ದೀರಾ ಎಂದು.

ಮಾಡಬೇಕಾದ್ದು ಸರಳ. ಲೇಖನದ ತಲೆಯಲ್ಲಿ ಎರಡು ದಿನಾಂಕ ಹಾಕಿ, ಮೊದಲು ಪ್ರಕಟವಾದದ್ದು ಮತ್ತು ಕೊನೆಗೆ ಪರಿಷ್ಕರಿಸಿದ್ದು. ಅದರ ಕೆಳಗೆ ಒಂದೇ ಸಾಲು: ‘2025ರ ಸೆಪ್ಟೆಂಬರ್ 22ರ ಹೊಸ ಜಿಎಸ್‌ಟಿ ದರ ಸೇರಿಸಲಾಗಿದೆ’. ಈ ಒಂದು ಸಾಲು ಹುಟ್ಟಿಸುವ ನಂಬಿಕೆಯನ್ನು ದೊಡ್ಡ ಜಾಹೀರಾತೂ ಹುಟ್ಟಿಸುವುದಿಲ್ಲ.

6. ಲಿಂಕ್ ಬದಲಿಸದಿರಿ

ವೆಬ್ ಕಂಡುಹಿಡಿದ ಟಿಮ್ ಬರ್ನರ್ಸ್-ಲೀ 1998ರಲ್ಲೇ ಇದನ್ನು ಬರೆದು ಹೇಳಿದ್ದರು: ಒಳ್ಳೆಯ ಜಾಲವಿಳಾಸ ಬದಲಾಗುವುದಿಲ್ಲ. ಕೇಳಿದವರು ಕಡಿಮೆ. ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ಬಳಿಕ ತೆರೆಯುತ್ತಲೇ ಇರಲಿಲ್ಲ.

ನಮ್ಮಲ್ಲಿ ಲಿಂಕ್ ಎಲ್ಲೆಲ್ಲಿಗೆ ಹೋಗಿ ಕೂತಿರುತ್ತದೆ ಎಂದು ಯೋಚಿಸಿ. ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನ ಫಾರ್ವರ್ಡ್‌ನಲ್ಲಿ, ವಿಸಿಟಿಂಗ್ ಕಾರ್ಡಿನ ಹಿಂಬದಿಯಲ್ಲಿ, ಸಿಹಿತಿಂಡಿ ಡಬ್ಬಿಯ ಮೇಲೆ ಮುದ್ರಿಸಿದ ಕ್ಯೂಆರ್ ಕೋಡಿನಲ್ಲಿ. ಹತ್ತು ಸಾವಿರ ಡಬ್ಬಿ ಮುದ್ರಣವಾದ ಮೇಲೆ ಆ ಕೋಡ್ ತೋರಿಸುವ ಪುಟ ಎತ್ತಂಗಡಿಯಾದರೆ ಡಬ್ಬಿಗಳನ್ನು ವಾಪಸ್ ಕರೆಸಲು ಆಗುತ್ತದೆಯೇ?

ಎರಡು ಮಾತು ನೆನಪಿಡಿ. ಹೊಸ ಲೇಖನದ ಲಿಂಕಿನಲ್ಲಿ ಇಸವಿ ಹಾಕಬೇಡಿ. ‘ಜಿಎಸ್‌ಟಿ ಕೈಪಿಡಿ 2022’ ಎಂಬ ಲಿಂಕಿನೊಳಗೆ 2026ರ ದರವಿದ್ದರೆ ಓದುಗ ಗೊಂದಲಕ್ಕೆ ಬೀಳುತ್ತಾನೆ. ಇಸವಿ ಶೀರ್ಷಿಕೆಯಲ್ಲಿರಲಿ, ಅದನ್ನು ತಿದ್ದಬಹುದು. ಎರಡನೆಯದು, ಪುಟವನ್ನು ಸರಿಸಲೇಬೇಕಾದರೆ ಹಳೆಯ ವಿಳಾಸದಿಂದ ಹೊಸದಕ್ಕೆ ‘301 ರೀಡೈರೆಕ್ಟ್’ ಹಾಕಿ ಎಂದು ನಿಮ್ಮ ಜಾಲತಾಣ ನೋಡಿಕೊಳ್ಳುವವರಿಗೆ ಹೇಳಿ. ಅವರಿಗೆ ಅದು ಕೆಲವು ನಿಮಿಷದ ಕೆಲಸ.

7. ಅಳಿಸುವ ಮುನ್ನ ಕೂಡಿಸಲು ಬರುತ್ತದೆಯೇ ನೋಡಿ

2023ರ ಆಗಸ್ಟ್‌ನಲ್ಲಿ ತಂತ್ರಜ್ಞಾನ ಸುದ್ದಿಯ ಸಿನೆಟ್ ಜಾಲತಾಣ ಸಾವಿರಾರು ಹಳೆಯ ಲೇಖನಗಳನ್ನು ತೆಗೆದುಹಾಕಿದ್ದು ಸುದ್ದಿಯಾಯಿತು. ತಾಣ ತಾಜಾ ಕಂಡರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಹಳೆಯದೆಂಬ ಒಂದೇ ಕಾರಣಕ್ಕೆ ಬರಹ ಅಳಿಸುವುದರಿಂದ ಅಂಥ ಲಾಭ ಇಲ್ಲ ಎಂದು ಗೂಗಲ್ ಸ್ಪಷ್ಟವಾಗಿ ಹೇಳಿತು.

ವರ್ಷಗಳು ಕಳೆದಂತೆ ಒಂದೇ ವಿಷಯದ ಮೇಲೆ ಮೂರು ನಾಲ್ಕು ಬರಹ ಸೇರಿಕೊಂಡಿರುತ್ತವೆ. ಸೀರೆ ಅಂಗಡಿಯ ತಾಣದಲ್ಲಿ ‘ರೇಷ್ಮೆ ಸೀರೆ ಒಗೆಯುವುದು ಹೇಗೆ’, ‘ಜರಿ ಸೀರೆ ಕಾಪಾಡುವುದು’, ‘ಮಳೆಗಾಲದಲ್ಲಿ ರೇಷ್ಮೆ’ ಎಂದು ಮೂರು ಇದ್ದರೆ, ಮೂರರಲ್ಲೂ ಅರ್ಧರ್ಧ ಮಾತು. ಅವನ್ನು ಕೂಡಿಸಿ ಒಂದು ಗಟ್ಟಿ ಲೇಖನ ಮಾಡಿ. ಹೆಚ್ಚು ಓದುಗರಿರುವ ವಿಳಾಸವನ್ನು ಉಳಿಸಿ, ಉಳಿದೆರಡನ್ನು ಅದಕ್ಕೆ ತಿರುಗಿಸಿ. ಹೀಗೆ ಕೂಡಿಸುವಾಗ ಒಂದು ಲೇಖನ ಇನ್ನೊಂದಕ್ಕೆ ಎದುರಾಡುತ್ತಿರುವುದು ಹೊರಬೀಳುತ್ತದೆ. ಒಂದರಲ್ಲಿ ಡ್ರೈಕ್ಲೀನ್ ಮಾತ್ರ ಎಂದಿದ್ದರೆ ಇನ್ನೊಂದರಲ್ಲಿ ಮನೆಯಲ್ಲೇ ತಣ್ಣೀರಿನಲ್ಲಿ ಜಾಲಿಸಿ ಎಂದಿರುತ್ತದೆ. ಯಾವುದು ಸರಿ ಎಂದು ಅಂಗಡಿಯ ಹಿರಿಯರನ್ನು ಕೇಳಿ ತೀರ್ಮಾನಿಸಿ.

ನಿಜಕ್ಕೂ ಅಳಿಸಬೇಕಾದ್ದೂ ಇದೆ: ಮುಗಿದ ದೀಪಾವಳಿ ರಿಯಾಯಿತಿ, ನಿಲ್ಲಿಸಿದ ಸೇವೆ, ಬಿಟ್ಟುಹೋದ ಸಿಬ್ಬಂದಿಯ ಮೊಬೈಲ್ ನಂಬರ್. ತೆಗೆಯುವ ಮುಂಚೆ ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ.

8. ಊರು, ದಾರಿ, ಜಿಲ್ಲೆ

ಹೋಮ್‌ಸ್ಟೇ, ಪ್ರವಾಸ, ಕ್ಯಾಬ್, ಕರಕುಶಲ ವಸ್ತುಗಳ ವ್ಯಾಪಾರದವರು ಇದನ್ನು ನಿಧಾನವಾಗಿ ಓದಬೇಕು. ಕರ್ನಾಟಕದ ನಕ್ಷೆ ಈ ಹತ್ತು ಹನ್ನೆರಡು ವರ್ಷದಲ್ಲಿ ಬಹಳ ಬದಲಾಗಿದೆ.

2014ರ ನವೆಂಬರ್ 1ರಂದು ಹನ್ನೆರಡು ನಗರಗಳ ಅಧಿಕೃತ ಹೆಸರು ಬದಲಾಯಿತು. ಬಿಜಾಪುರ ವಿಜಯಪುರವಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬೆಳಗಾವಿ, ಬಳ್ಳಾರಿಗಳ ಇಂಗ್ಲಿಷ್ ಕಾಗುಣಿತ ಕನ್ನಡದ ಉಚ್ಚಾರಣೆಗೆ ಬಂತು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಆದರೂ ‘ಬಳ್ಳಾರಿ ಜಿಲ್ಲೆಯ ಹಂಪಿ’ ಎಂಬ ಸಾಲು ಪ್ರವಾಸಿ ಬರಹಗಳಲ್ಲಿ ಇನ್ನೂ ಸಿಗುತ್ತದೆ. 2025ರಲ್ಲಿ ರಾಮನಗರ ಜಿಲ್ಲೆ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಬೊಂಬೆ ಮಾರುವವರು ‘ರಾಮನಗರ ಜಿಲ್ಲೆಯ ಚನ್ನಪಟ್ಟಣ’ ಎಂದು ಬರೆದಿದ್ದರೆ ಅದನ್ನೂ ನೋಡಿಕೊಳ್ಳಬೇಕು.

ಹಾಸನ ಕಡೆಯ ಹೋಮ್‌ಸ್ಟೇ ಒಂದರ ‘ಸುತ್ತಮುತ್ತ ನೋಡಬಹುದಾದ ಸ್ಥಳಗಳು’ ಎಂಬ ಲೇಖನ 2018ರದ್ದಾದರೆ, ಅದರಲ್ಲಿ ಬೇಲೂರು, ಹಳೇಬೀಡು ಇನ್ನೂ ವಿಶ್ವ ಪರಂಪರೆಯ ಪಟ್ಟಿಗಾಗಿ ಕಾಯುತ್ತಿರುತ್ತವೆ. ಸೋಮನಾಥಪುರವೂ ಸೇರಿ ಈ ಮೂರು ಹೊಯ್ಸಳ ದೇಗುಲಗಳು 2023ರ ಸೆಪ್ಟೆಂಬರ್‌ನಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿವೆ. ದೂರದಿಂದ ಬರುವ ಅತಿಥಿಗೆ ಹೇಳಬೇಕಾದ ಮೊದಲ ಮಾತೇ ಅದಾಗಿರುವಾಗ ಬರಹದಲ್ಲಿ ಅದಿಲ್ಲ! ಮಲೆನಾಡಿನ ತಾಣಗಳು ವಿಮಾನಕ್ಕೆ ಮಂಗಳೂರನ್ನೋ ಹುಬ್ಬಳ್ಳಿಯನ್ನೋ ಹೇಳಿ ನಿಲ್ಲಿಸಿರುತ್ತವೆ. ಶಿವಮೊಗ್ಗ ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಯಾಗಿದೆ.

ದಾರಿ ಹೇಳುವ ಸಾಲುಗಳಲ್ಲಿ ತಪ್ಪಿದರೆ ಅತಿಥಿ ರಸ್ತೆಯಲ್ಲೇ ಸಿಕ್ಕಿಕೊಳ್ಳುತ್ತಾನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಬೈಕಿನಲ್ಲಿ ಬರುವವರು ಸರ್ವಿಸ್ ರಸ್ತೆ ಹಿಡಿಯಬೇಕು ಎಂದು ಸೇರಿಸಿ, ಪ್ರಯಾಣದ ಅವಧಿಯನ್ನೂ ಅದಕ್ಕೆ ತಕ್ಕಂತೆ ತಿದ್ದಿ. ಬೆಂಗಳೂರಿನ ಅಂಗಡಿಗಳು ‘ಹತ್ತಿರದ ಮೆಟ್ರೊ’ ಎಂದು ಬರೆದ ಸಾಲನ್ನು ಪ್ರತಿ ಹೊಸ ಮಾರ್ಗ ತೆರೆದಾಗಲೂ ನೋಡಬೇಕು. ಆರ್‌.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾದ ಮೇಲೆ ಆ ಬದಿಯ ಎಷ್ಟೋ ಅಂಗಡಿಗಳ ಮುಂದೆಯೇ ನಿಲ್ದಾಣ ಬಂದಿದೆ.

ಹೊಸ ಹೆಸರು ಹಾಕಿದರೂ ಹಳೆಯ ಹೆಸರನ್ನು ಪೂರ್ತಿ ಒರೆಸಬೇಡಿ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನಮ್ಮವರು ಇನ್ನೂ ‘ಬಿಜಾಪುರ’ ಎಂದೇ ಹುಡುಕುತ್ತಾರೆ. ಲೇಖನದಲ್ಲಿ ಒಂದು ಕಡೆ ‘ವಿಜಯಪುರ, ಹಿಂದಿನ ಬಿಜಾಪುರ’ ಎಂದಿದ್ದರೆ ಅವರಿಗೂ ಸಿಗುತ್ತದೆ.

9. ಕನ್ನಡದ ಹಳೆಯ ಕಡತಗಳನ್ನು ಯೂನಿಕೋಡ್‌ಗೆ ತನ್ನಿ

ಇದು ನಮ್ಮ ಭಾಷೆಯ ವ್ಯಾಪಾರಿಗಳಿಗೆಂದೇ ಇರುವ ಕೆಲಸ. ಬೇರೆಯವರು ಬರೆದ ಸಲಹೆಗಳಲ್ಲಿ ಇದು ಸಿಗುವುದಿಲ್ಲ, ಆದ್ದರಿಂದ ಒತ್ತಿ ಹೇಳುತ್ತೇನೆ.

ಎರಡು ದಶಕ ಕಾಲ ನಮ್ಮ ಡಿಟಿಪಿ ಅಂಗಡಿಗಳಲ್ಲಿ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲೇ ಕನ್ನಡ ಮೂಡಿತು. ಆ ಕಾಲದ ಫಾಂಟುಗಳಲ್ಲಿ ಕಣ್ಣಿಗೆ ಕಾಣುವುದು ಕನ್ನಡವಾದರೂ ಕಂಪ್ಯೂಟರಿನ ಒಳಗೆ ಉಳಿಯುತ್ತಿದ್ದುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ರಾಶಿ. ಹುಡುಕಿದರೆ ಸಿಗುವುದಿಲ್ಲ, ಅಂಧ ಓದುಗರಿಗೆ ನೆರವಾಗುವ ತಂತ್ರಾಂಶ ಅದನ್ನು ಓದುವುದಿಲ್ಲ, ಭಾಷಾಂತರಿಸಲೂ ಬರುವುದಿಲ್ಲ. ಬೀಜದ ಅಂಗಡಿಯವರು ಬರೆಸಿದ್ದ ಜೋಳದ ಬಿತ್ತನೆ ಮಾಹಿತಿ, ಆಯುರ್ವೇದ ಔಷಧಾಲಯದ ಪಥ್ಯದ ಪಟ್ಟಿ, ಕೃಷಿ ಉಪಕರಣದವರ ಬಳಕೆಯ ಕೈಪಿಡಿ, ಇಂಥ ಬೆಲೆಬಾಳುವ ಬರಹಗಳು ಹೀಗೆ ಕಡತಗಳಲ್ಲೇ ಸಿಕ್ಕಿಕೊಂಡಿವೆ.

ಇವನ್ನು ಯೂನಿಕೋಡ್‌ಗೆ, ಅಂದರೆ ಮೊಬೈಲು, ಕಂಪ್ಯೂಟರುಗಳು ಕನ್ನಡವೆಂದೇ ಗುರುತಿಸುವ ಅಕ್ಷರ ಸಂಕೇತಕ್ಕೆ, ಪರಿವರ್ತಿಸುವ ಸಾಧನಗಳು ಉಚಿತವಾಗಿಯೇ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒಬ್ಬರು ಕೂತು ಓದಲೇಬೇಕು. ಅರ್ಕಾವೊತ್ತು, ಒತ್ತಕ್ಷರ, ದೀರ್ಘಗಳ ಕಡೆ ವಿಶೇಷ ಗಮನವಿರಲಿ. ಅಳತೆ, ಪ್ರಮಾಣಗಳನ್ನು ಮೂಲ ಮುದ್ರಿತ ಪ್ರತಿಯೊಂದಿಗೆ ಹೋಲಿಸಿ. ಔಷಧಿಯ ಪ್ರಮಾಣದಲ್ಲಿ ಒಂದು ಬಿಂದು ಅಳಿಸಿಹೋದರೂ ಅಪಾಯ. ಪೋಸ್ಟರಿನ ಚಿತ್ರದೊಳಗೆ ಬರೆದ ಕನ್ನಡವನ್ನೂ ಪಕ್ಕದಲ್ಲಿ ಅಕ್ಷರವಾಗಿ ಹಾಕಿ.

10. ಗಿರಾಕಿ ಈಗ ಕೇಳುತ್ತಿರುವುದನ್ನು ಸೇರಿಸಿ

ತಪ್ಪು ತಿದ್ದಿದರೆ ಪರಿಷ್ಕರಣೆ ಅರ್ಧವಾಯಿತು. ಕೌಂಟರಿನಲ್ಲಿ ನಿಲ್ಲುವ ಹುಡುಗರನ್ನು, ಫೋನ್ ಎತ್ತುವವರನ್ನು ಕೇಳಿ: ಈ ವಿಷಯದ ಬಗ್ಗೆ ಜನ ಏನು ಕೇಳುತ್ತಾರೆ? ಸೋಲಾರ್ ವಾಟರ್ ಹೀಟರ್ ಮಾರುವವರ ಹಳೆಯ ಲೇಖನದಲ್ಲಿ ಲೀಟರು, ಬೆಲೆ, ಗ್ಯಾರಂಟಿ ಎಲ್ಲ ಇರುತ್ತದೆ. ಗಿರಾಕಿ ಕೇಳುವುದು, ‘ನಮ್ಮದು ಬೋರ್‌ವೆಲ್ ನೀರು, ಗಡಸು, ಪೈಪು ಕಟ್ಟಿಕೊಳ್ಳುತ್ತದಾ?’ ಎಂದು. ಅಂಗಡಿಯವರು ದಿನಕ್ಕೆ ನಾಲ್ಕು ಸಾರಿ ಬಾಯಲ್ಲಿ ಉತ್ತರಿಸುವ ಈ ಪ್ರಶ್ನೆ ಬರಹದೊಳಗೆ ಬಂದಿರುವುದೇ ಇಲ್ಲ. ಗಿರಾಕಿ ಆಡಿದ ಮಾತಿನಲ್ಲೇ ಪ್ರಶ್ನೆಯನ್ನು ಹಾಕಿ, ಕೆಳಗೆ ಉತ್ತರ ಬರೆಯಿರಿ. ಜನ ಹುಡುಕುವುದೂ ಅದೇ ಮಾತಿನಲ್ಲಿ. ಯಾವ ಪದ ಹಾಕಿ ಹುಡುಕಿ ನಿಮ್ಮ ಪುಟಕ್ಕೆ ಬಂದರು ಎಂಬುದು ಸರ್ಚ್ ಕನ್ಸೋಲ್‌ನಲ್ಲೂ ಕಾಣುತ್ತದೆ.

11. ಚೆನ್ನಾಗಿರುವುದನ್ನು ಕೆಡಿಸಬೇಡಿ

ಹತ್ತು ವರ್ಷದ ಹಿಂದೆ ಅಂಗಡಿಯ ಹಿರಿಯರು ತಮ್ಮ ಮಾತಿನಲ್ಲೇ ಬರೆದ ಲೇಖನವೊಂದು ಇರಬಹುದು. ಮಗ್ಗದ ಬಗ್ಗೆ, ಅಡಿಕೆ ಸುಲಿಯುವ ಕಾಲದ ಬಗ್ಗೆ, ಹಪ್ಪಳ ಒಣಗಿಸುವ ಬಿಸಿಲಿನ ಬಗ್ಗೆ. ಅದರಲ್ಲಿ ದರ ಹಳತಾಗಿದ್ದರೆ ದರ ಮಾತ್ರ ತಿದ್ದಿ. ಈಗ ಎಐಗೆ ಕೊಟ್ಟು ‘ಹೊಸದಾಗಿ ಬರೆದುಕೊಡು’ ಎನ್ನುವುದು ಸುಲಭ. ಬರುವ ಬರಹ ನುಣುಪಾಗಿರುತ್ತದೆ, ಆದರೆ ಆ ಹಿರಿಯರಿಗೆ ಮಾತ್ರ ಗೊತ್ತಿದ್ದ ವಿವರಗಳು ಅದರಲ್ಲಿ ಕಳೆದುಹೋಗುತ್ತವೆ, ಇಲ್ಲದ ಅಂಕಿ ಸೇರಿಕೊಳ್ಳುವುದೂ ಉಂಟು. ಕಾಗುಣಿತ ನೋಡಲು, ಉದ್ದ ವಾಕ್ಯ ಒಡೆಯಲು ಅದರ ಸಹಾಯ ಪಡೆಯಿರಿ. ಪ್ರತಿ ಅಂಕಿಯನ್ನೂ ಪ್ರತಿ ಹೆಸರನ್ನೂ ಮನುಷ್ಯರೇ ಮೂಲದೊಂದಿಗೆ ತಾಳೆ ನೋಡಲಿ.

12. ಸಣ್ಣವು, ಬೇಗ ಮುಗಿಯುವವು

ಪ್ರತಿ ಲಿಂಕ್ ಒತ್ತಿ ನೋಡಿ. ಉದ್ಯೋಗ್ ಆಧಾರ್‌ಗೆ ಕೊಟ್ಟ ಲಿಂಕ್ ಇದ್ದರೆ ತೆಗೆಯಿರಿ, 2020ರ ಜುಲೈಯಿಂದ ಅದರ ಜಾಗದಲ್ಲಿ ಉದ್ಯಮ್ ನೋಂದಣಿ ಇದೆ. ‘ಟ್ವಿಟರ್’ 2023ರಿಂದ ‘ಎಕ್ಸ್’. 2,000 ರೂಪಾಯಿ ನೋಟಿನ ಚಿತ್ರವಿದ್ದರೆ ಬದಲಿಸಿ, ರಿಸರ್ವ್ ಬ್ಯಾಂಕ್ ಅದನ್ನು ಚಲಾವಣೆಯಿಂದ ಹಿಂಪಡೆಯುವುದಾಗಿ ಹೇಳಿದ್ದು 2023ರ ಮೇ ತಿಂಗಳಲ್ಲಿ. ‘ಕಳೆದ ವರ್ಷ’, ‘ಇತ್ತೀಚೆಗೆ’ ಎಂದು ಬರೆದಲ್ಲೆಲ್ಲ ಇಸವಿ ಹಾಕಿ. ಕಡಿಮೆ ಬೆಲೆಯ ಮೊಬೈಲೊಂದರಲ್ಲಿ ಪುಟ ತೆರೆದು ಓದಿ.

13. ಹೊಣೆ ಒಬ್ಬರ ಹೆಸರಿನಲ್ಲಿರಲಿ, ಡೊಮೇನ್ ನಿಮ್ಮ ಹೆಸರಿನಲ್ಲಿರಲಿ

ಎಲ್ಲರ ಕೆಲಸ ಎಂದರೆ ಯಾರ ಕೆಲಸವೂ ಅಲ್ಲ. ಎಕ್ಸೆಲ್ ಹಾಳೆಯಲ್ಲಿ ಪ್ರತಿ ಸಾಲಿಗೂ ಒಬ್ಬರ ಹೆಸರಿರಲಿ. ಬರೆಯುವವರೂ ತಿಳಿದವರೂ ಬೇರೆಯಾದರೆ ಇಬ್ಬರ ಹೆಸರೂ ಇರಲಿ. ಔಷಧಿ ಅಂಗಡಿಯ ಬರಹವನ್ನು ಫಾರ್ಮಸಿಸ್ಟ್ ಓದದೆ, ತೆರಿಗೆಯ ಬರಹವನ್ನು ಆಡಿಟರ್ ಓದದೆ ಮತ್ತೆ ಪ್ರಕಟಿಸಬಾರದು.

ಎಷ್ಟೋ ಸಣ್ಣ ವ್ಯಾಪಾರಗಳಲ್ಲಿ ಜಾಲತಾಣದ ಹೆಸರು, ಅಂದರೆ ಡೊಮೇನ್, ಅದನ್ನು ಕಟ್ಟಿಕೊಟ್ಟ ಹುಡುಗನ ಇಮೇಲಿನಲ್ಲಿ ನೋಂದಣಿಯಾಗಿರುತ್ತದೆ. ಅವನು ಬೇರೆ ಊರಿಗೆ ಹೋದ, ನವೀಕರಣದ ನೋಟಿಸ್ ಯಾರೂ ನೋಡಲಿಲ್ಲ, ಹೆಸರು ಕೈತಪ್ಪಿತು ಎಂದರೆ ಹತ್ತು ವರ್ಷದ ಎಲ್ಲ ಬರಹಗಳೂ ಒಂದೇ ದಿನ ಹೋದಂತೆ. ಇವತ್ತೇ ಕೇಳಿ ತಿಳಿದುಕೊಳ್ಳಿ: ನೋಂದಣಿ ಯಾರ ಹೆಸರಿನಲ್ಲಿದೆ, ಯಾವ ಇಮೇಲ್, ಕೊನೆಯ ದಿನ ಯಾವುದು. ಒಮ್ಮೆಗೇ ಹತ್ತು ವರ್ಷದವರೆಗೆ ಹಣ ಕಟ್ಟಬಹುದು.

14. ತಿದ್ದಿದ್ದನ್ನು ಓದಿದವರಿಗೆ ತಲುಪಿಸಿ

ತಪ್ಪು ಮಾಹಿತಿ ಓದಿ ಹೋದವರು ಸರಿಪಡಿಸಿದ ಪುಟಕ್ಕೆ ತಾವಾಗಿ ಮರಳಿ ಬರುವುದಿಲ್ಲ. ದರ, ನಿಯಮ, ಸುರಕ್ಷತೆಯ ವಿಷಯದಲ್ಲಿ ದೊಡ್ಡ ಬದಲಾವಣೆ ಆಗಿದ್ದರೆ ನಿಮ್ಮ ಗಿರಾಕಿಗಳ ವಾಟ್ಸ್‌ಆ್ಯಪ್ ಪಟ್ಟಿಗೆ ನಾಲ್ಕು ಸಾಲು ಕಳಿಸಿ: ಮೊದಲು ಹೀಗೆ ಬರೆದಿದ್ದೆವು, ಈಗ ನಿಯಮ ಹೀಗಿದೆ, ಇಂಥ ದಿನದಿಂದ ಜಾರಿ, ಪೂರ್ತಿ ವಿವರ ಈ ಲಿಂಕಿನಲ್ಲಿದೆ. ಅಂಗಡಿಯ ಗೋಡೆಗೆ ಅಂಟಿಸಿದ ಹಳೆಯ ಮುದ್ರಿತ ಪಟ್ಟಿ, ಡ್ರಾಯರಿನಲ್ಲಿ ಉಳಿದ ಕರಪತ್ರಗಳಲ್ಲೂ ಅದೇ ಹಳೆಯ ಅಂಕಿ ಇರುತ್ತದೆ. ಅವನ್ನು ಅದೇ ದಿನ ತೆಗೆಯಿರಿ. ಜಾಲತಾಣದಲ್ಲಿ ಒಂದು ದರ, ಗೋಡೆಯ ಮೇಲೆ ಇನ್ನೊಂದು ದರ ಇದ್ದರೆ ಗಿರಾಕಿ ಯಾವುದನ್ನು ನಂಬಬೇಕು?